ಇಬ್ರಿಯ

ಕನ್ನಡ ಬೈಬಲಿನ ಆದಿಕಾಂಡ 14ನೆಯ ಅಧ್ಯಾಯದಲ್ಲಿ ಅಬ್ರಾಮನನ್ನು ‘ಇಬ್ರಿಯ’ ಎಂದು ಕರೆದಿದೆ. ಹೀಬ್ರೂ ಮೂಲದ ‘ಇವ್ರಿ’ಗೆ ಇದು ತೀರಾ ಹತ್ತಿರದ ರೂಪ. ನಾವು ಭಾಷೆಗೆ ಬಳಸುವ ‘ಹೀಬ್ರೂ’ ಗ್ರೀಕ್, ಲ್ಯಾಟಿನ್‌ಗಳನ್ನು ಹಾದು ಇಂಗ್ಲಿಷಿನಿಂದ ಬಂದದ್ದು.

‘ಇವ್ರಿ’ಯ ಧಾತುವಿಗೆ ‘ದಾಟು’ ಎಂಬ ಅರ್ಥ. ನದಿಯಾಚೆಯಿಂದ ಬಂದವನೇ ಇಬ್ರಿಯ ಎಂಬುದು ಒಂದು ವಿವರಣೆ. ಏಬೆರನೆಂಬ ಪೂರ್ವಜನ ವಂಶದವನು ಎಂಬುದು ಇನ್ನೊಂದು. ಕ್ರಿ.ಪೂ. 14ನೆಯ ಶತಮಾನದ ಅಮಾರ್ನಾ ಪತ್ರಗಳಲ್ಲಿ ಬರುವ, ನೆಲೆತಪ್ಪಿದ ‘ಹಬಿರು’ ಜನರೊಂದಿಗೂ ಕೆಲವರು ಈ ಪದವನ್ನು ಜೋಡಿಸುತ್ತಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನಗೆ ದಾಟುವ ಅರ್ಥವೇ ಒಪ್ಪಿಗೆ. ಹುಳಿಯಾರು ಸೀಮೆಯಲ್ಲಿ ಮೇವು ಅರಸಿ ಊರಿಂದೂರಿಗೆ ಹೋಗುವ ಕುರಿಗಾಹಿಗಳನ್ನು, ಗೊಬ್ಬರಕ್ಕೆಂದು ತೆಂಗಿನ ತೋಟದಲ್ಲಿ ರಾತ್ರಿ ನಿಲ್ಲಿಸಿದ ಮಂದೆಯನ್ನು ಕಂಡವರಿಗೆ ಅಬ್ರಾಮನ ಗುಡಾರದ ಬದುಕನ್ನು ಬಿಡಿಸಿ ಹೇಳಬೇಕಿಲ್ಲ. ಅಂದಹಾಗೆ, ನಮ್ಮೂರುಗಳ ‘ಇಬ್ರಾಹಿಂ’ ಮುಂದೆ ಅಬ್ರಹಾಮನೆನಿಸಿದ ಇದೇ ಅಬ್ರಾಮನ ಹೆಸರು. ಆದರೆ ಕಿವಿಗೆ ಒಂದೇ ಎನಿಸಿದರೂ ‘ಇಬ್ರಿಯ’ದ ಧಾತು ಬೇರೆ, ಹೀಬ್ರೂವಿನಲ್ಲಿ ಮೊದಲಕ್ಷರವೂ ಬೇರೆ.

ಇದೇ ಜನರನ್ನು ಕರೆಯುವ ‘ಯೆಹೂದಿ’ ಅನಂತರದ ಪದ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿಯರು ಜೆರುಸಲೇಮನ್ನು ಕೆಡವಿ ಯೆಹೂದ ರಾಜ್ಯದ ಜನರನ್ನು ಸೆರೆ ಒಯ್ದರು. ನಾಡು ಹೋಯಿತು, ನಾಡಿನ ಹೆಸರು ಜನಕ್ಕೂ, ಬರಬರುತ್ತ ಅವರ ಧರ್ಮಕ್ಕೂ ನಿಂತಿತು.

ಕರ್ನಾಟಕಕ್ಕೂ ಈ ಜನರ ಲಿಪಿ ಬಂದಿತ್ತು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಅರಬ್ಬಿ ಭಾಷೆಯನ್ನು ಹೀಬ್ರೂ ಅಕ್ಷರಗಳಲ್ಲಿ ಬರೆಯುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಉಳಿದುಬಂದಿದ್ದವು; ಅವನ ಆಳಾಗಿ ವ್ಯಾಪಾರ ನೋಡಿಕೊಳ್ಳುತ್ತಿದ್ದ, ಬೊಮ್ಮನೆಂದು ಗುರುತಿಸಲಾದವನ ಹೆಸರೂ ಅವುಗಳಲ್ಲಿದೆ.