ಧ್ವಜ ದಿನದ ಡಬ್ಬಿ ಮತ್ತು ಸೈನಿಕರ ಮನೆ: ನೂರು ವರ್ಷದ ಲೆಕ್ಕ

ಡಿಸೆಂಬರ್ 7 ಬಂತೆಂದರೆ ಶಾಲೆ ಮಕ್ಕಳ ಅಂಗಿಯ ಮೇಲೆ ಪುಟ್ಟದೊಂದು ಕಾಗದದ ಬಾವುಟ ಕಾಣುತ್ತದೆ. ಕೆಂಪು, ಕಡು ನೀಲಿ, ತಿಳಿ ನೀಲಿ. ಭೂಸೇನೆ, ನೌಕಾಪಡೆ, ವಾಯುಪಡೆಗೆ ಒಂದೊಂದು ಬಣ್ಣ. ಸರ್ಕಾರಿ ಕಚೇರಿಗಳಲ್ಲಿ ಡಬ್ಬಿ ಬರುತ್ತದೆ, ನಾವು ಹತ್ತೋ ಇಪ್ಪತ್ತೋ ರೂಪಾಯಿ ಹಾಕಿ ಮುಂದೆ ಹೋಗುತ್ತೇವೆ. ಆ ದುಡ್ಡು ಯಾರಿಗೆ ಸೇರುತ್ತದೆ, ಈ ಪದ್ಧತಿ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಸೇನೆಯಲ್ಲಿ ದುಡಿದವರ ಮನೆಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ ನಷ್ಟ ಅವರಿಗೇ. ಅದಕ್ಕೇ ಈ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಶುರುವಾಗಿದ್ದು ಮೊದಲ ಮಹಾಯುದ್ಧದಲ್ಲಿ. 1914ರಿಂದ 1918ರ ನಡುವೆ ಭಾರತದಿಂದ ಸುಮಾರು 13 ಲಕ್ಷ ಜನ ಹೊರದೇಶದ ಯುದ್ಧಭೂಮಿಗಳಿಗೆ ಹೋದರು. 70 ಸಾವಿರಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ. ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆಯೂ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಈಗಲೂ ಇದೆ.

ಗಂಡಸು ಸಮುದ್ರದಾಚೆ ಹೋದರೆ ಮನೆಯಲ್ಲಿ ಏನಾಗುತ್ತದೆ? ಸಂಬಳದ ದುಡ್ಡು ಬಂತೋ ಇಲ್ಲವೋ, ಕಾಗದ ಓದಿ ಹೇಳುವವರು ಯಾರು, ಜಮೀನಿನ ತಂಟೆ ಬಂದರೆ ಕೋರ್ಟಿಗೆ ಅಲೆಯುವವರು ಯಾರು? ಇಂಥ ದೂರುಗಳು ಹೆಚ್ಚಿದಾಗ ಬ್ರಿಟಿಷ್ ಸರ್ಕಾರ ಯುದ್ಧದ ಕೊನೆಯ ಹೊತ್ತಿಗೆ ಸೈನಿಕರ ಬೋರ್ಡುಗಳನ್ನು ಕಟ್ಟಿತು. ಕೇಂದ್ರದಲ್ಲಿ ಒಂದು, ಸೈನಿಕರು ಹೆಚ್ಚಿದ್ದ ಜಿಲ್ಲೆಗಳಲ್ಲಿ ಒಂದೊಂದು. ಪಂಜಾಬಿನಲ್ಲಿ ಇವು ಬಹಳ ಬಲವಾಗಿ ಬೆಳೆದವು. ಪಿಂಚಣಿ ಕೊಡಿಸುವುದು, ಮನೆಯವರ ಅರ್ಜಿ ವಿಚಾರಿಸುವುದು ಅವುಗಳ ಕೆಲಸ.

ಆದರೆ ಇದು ಬರೀ ದಯೆಯಲ್ಲ. ಮನೆಯವರು ನೆಮ್ಮದಿಯಾಗಿದ್ದರೆ ಮಾತ್ರ ಊರಿನಿಂದ ಇನ್ನಷ್ಟು ಹುಡುಗರು ಸೇನೆಗೆ ಬರುತ್ತಾರೆ ಎಂಬುದು ಸರ್ಕಾರಕ್ಕೆ ಗೊತ್ತಿತ್ತು. ಸೈನಿಕರ ಊರುಗಳಿಗೆ ಸ್ವಾತಂತ್ರ್ಯ ಚಳವಳಿಯ ಗಾಳಿ ತಾಗದಂತೆ ನೋಡಿಕೊಳ್ಳುವುದಕ್ಕೂ ಈ ಬೋರ್ಡುಗಳು ಬಳಕೆಯಾದವು. ನೆರವು ಕೊಡುವ ಕೈಯೇ ಊರಿನ ಮೇಲೆ ಕಣ್ಣನ್ನೂ ಇಟ್ಟಿತ್ತು.

ಹಾಗೆಂದು ಆ ಕಾಲದ ಒಳ್ಳೆಯ ಕೆಲಸಗಳನ್ನು ಮರೆಯುವಂತಿಲ್ಲ. ಗಾಯಗೊಂಡು ಕೈಕಾಲು ಕಳೆದುಕೊಂಡ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಹುಟ್ಟಿದ ಕ್ವೀನ್ ಮೇರೀಸ್ ಸಂಸ್ಥೆ ಪುಣೆ ಹತ್ತಿರದ ಖಡ್ಕಿಯಲ್ಲಿ ಇಂದಿಗೂ ನಡೆಯುತ್ತಿದೆ. ಜವಾನರ ಮಕ್ಕಳಿಗಾಗಿ ತೆರೆದ ಮಿಲಿಟರಿ ಶಾಲೆಗಳಲ್ಲಿ ಎರಡು ನಮ್ಮಲ್ಲೇ ಇವೆ: 1945ರಲ್ಲಿ ಬೆಳಗಾವಿಯದು, 1946ರಲ್ಲಿ ಬೆಂಗಳೂರಿನದು.

ಎರಡನೇ ಮಹಾಯುದ್ಧ ಮುಗಿದಾಗ ಇನ್ನೊಂದು ಸಮಸ್ಯೆ ಎದ್ದಿತು. ಸೇನೆ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಜನರನ್ನು ಮನೆಗೆ ಕಳಿಸಿದರು. ನಾಲ್ಕೈದು ವರ್ಷವಷ್ಟೇ ದುಡಿದವರಿಗೆ ಪಿಂಚಣಿ ಇರಲಿಲ್ಲ. ಬರ್ಮಾದಲ್ಲೋ ಆಫ್ರಿಕಾದಲ್ಲೋ ಹೋರಾಡಿ ಬಂದವರು ಊರಿಗೆ ಬಂದು ಮತ್ತೆ ಕೂಲಿಗೆ ನಿಂತರು.

ಸ್ವತಂತ್ರ ಭಾರತ ಈ ಹೊರೆಯನ್ನು ಹೊರಬೇಕಾಯಿತು. ಬ್ರಿಟಿಷರ ಕಾಲದಲ್ಲಿ ನವೆಂಬರ್ 11ರಂದು ಗಸಗಸೆ ಹೂವಿನ ಗುರುತು ಮಾರಿ ಹಣ ಕೂಡಿಸುತ್ತಿದ್ದರು. 1949ರ ಆಗಸ್ಟ್ 28ರಂದು ರಕ್ಷಣಾ ಮಂತ್ರಿಗಳ ಸಮಿತಿ ಡಿಸೆಂಬರ್ 7ನ್ನು ನಮ್ಮದೇ ಧ್ವಜ ದಿನವಾಗಿ ಗೊತ್ತುಮಾಡಿತು. ಹಳೆಯ ಬೋರ್ಡಿನ ಹೆಸರು 1951ರಲ್ಲಿ ಬದಲಾಗಿ, 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಆಯಿತು. ಅದರ ಕೆಳಗೆ ರಾಜ್ಯ ಮಂಡಳಿ, ಅದರ ಕೆಳಗೆ ಜಿಲ್ಲಾ ಮಂಡಳಿ. ಜಿಲ್ಲಾ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು.

ಜನರೂ ಸುಮ್ಮನಿರಲಿಲ್ಲ. 1962ರ ಚೀನಾ ಯುದ್ಧದಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಕೊಡಗಿನ ಕೆ.ಎಂ. ಕಾರ್ಯಪ್ಪನವರು ನಿವೃತ್ತರಾದ ಮೇಲೆ 1964ರಲ್ಲಿ ಮಾಜಿ ಸೈನಿಕರ ಲೀಗ್ ಕಟ್ಟಿದರು. 1966ರಲ್ಲಿ ಸೈನಿಕರ ಪತ್ನಿಯರ ಕಲ್ಯಾಣ ಸಂಘ ಹುಟ್ಟಿತು. ಬೇರೆ ಬೇರೆಯಾಗಿದ್ದ ಹಲವು ನಿಧಿಗಳು 1993ರಲ್ಲಿ ಒಂದಾಗಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಆಯಿತು. ನಾವು ಡಬ್ಬಿಗೆ ಹಾಕುವ ದುಡ್ಡಿನ ಹಾದಿ ಇದು.

ಇಷ್ಟೆಲ್ಲ ಇದ್ದರೂ ಸೈನಿಕನ ವಿಧವೆಯನ್ನು ಕಾನೂನು ನೋಡಿದ ರೀತಿ ಬೇಗ ಬದಲಾಗಲಿಲ್ಲ. ಶೌರ್ಯ ಪದಕದ ಜೊತೆ ಬರುವ ಮಾಸಿಕ ಭತ್ಯೆ, ಆಕೆ ಮರುಮದುವೆಯಾದರೆ ನಿಂತುಹೋಗುತ್ತಿತ್ತು. 1995ರಲ್ಲಿ ಸ್ವಲ್ಪ ಸಡಿಲಿಸಿದರು, ಆದರೆ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ. ಯಾರನ್ನು ಮದುವೆಯಾದರೂ ಭತ್ಯೆ ನಿಲ್ಲದು ಎಂದು ಆದೇಶವಾಗಿದ್ದು 2017ರ ನವೆಂಬರಿನಲ್ಲಿ.

ಈಗ ಹಳೆಯ ಪ್ರಶ್ನೆ ಮತ್ತೆ ಬಾಗಿಲಿಗೆ ಬಂದಿದೆ. 2022ರಿಂದ ಜವಾನರ ನೇಮಕ ಅಗ್ನಿಪಥ ಯೋಜನೆಯಲ್ಲಿ. ನಾಲ್ಕು ವರ್ಷ ಸೇವೆ, ಕಾಯಂ ಆಗುವವರು ಶೇಕಡ 25ರವರೆಗೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಇದೆ, ಪಿಂಚಣಿ ಇಲ್ಲ. 1946ರಲ್ಲಿ ಊರಿಗೆ ಬಂದವರಿಗೆ ಈ ನಿಧಿಯೂ ಇರಲಿಲ್ಲ ನಿಜ. ಆದರೂ ಚಿಕ್ಕ ವಯಸ್ಸಿನಲ್ಲಿ ಸಮವಸ್ತ್ರ ಕಳಚಿ ಬರುವ ಹುಡುಗನಿಗೆ ಮುಂದಿನ ದಾರಿ ಏನು ಎಂಬುದನ್ನು ಊರು, ಸರ್ಕಾರ ಇಬ್ಬರೂ ಈಗಲೇ ಯೋಚಿಸಬೇಕು.

ಕೊನೆಗೆ, ನಿಮ್ಮ ಊರಿನಲ್ಲಿ ಮಾಜಿ ಸೈನಿಕರೋ, ಅವರ ಹೆಂಡತಿಯೋ ಇದ್ದರೆ ಇದನ್ನು ಓದಿ ಹೇಳಿ. ಪಿಂಚಣಿಯಿಲ್ಲದ, 65 ವರ್ಷ ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ಧ್ವಜ ದಿನ ನಿಧಿಯಿಂದ ತಿಂಗಳ ನೆರವಿದೆ. ಮಕ್ಕಳ ಓದಿಗೆ, ಮಗಳ ಮದುವೆಗೂ ಸಹಾಯವಿದೆ. ವೃತ್ತಿ ಕೋರ್ಸ್ ಓದುವವರಿಗೆ 2006ರಿಂದ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ. ಪಿಂಚಣಿದಾರರ ಮನೆಯವರಿಗೆ 2003ರಿಂದ ಇಸಿಎಚ್‌ಎಸ್ ಚಿಕಿತ್ಸೆ ಇದೆ. ಅರ್ಜಿ ಹಾಕಬೇಕಾದ ಜಾಗ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಎಲ್ಲ ಜಿಲ್ಲೆಗೂ ಪ್ರತ್ಯೇಕ ಕಚೇರಿ ಇಲ್ಲ, ನಿಮ್ಮದು ಯಾವುದಕ್ಕೆ ಸೇರುತ್ತದೆ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಹೋಗುವ ಮುಂಚೆ ಒಂದು ಕೆಲಸ ಮಾಡಿ. ಡಿಸ್ಚಾರ್ಜ್ ಬುಕ್ಕಿನಲ್ಲಿರುವ ಹೆಂಡತಿ, ಮಕ್ಕಳ ಹೆಸರು, ಹುಟ್ಟಿದ ದಿನ ಆಧಾರ್ ಕಾರ್ಡಿನ ಜೊತೆ ಹೊಂದುತ್ತದೆಯೇ ನೋಡಿ. ಒಂದು ಅಕ್ಷರ ವ್ಯತ್ಯಾಸವಾದರೂ ಅರ್ಜಿ ತಿಂಗಳುಗಟ್ಟಲೆ ನಿಲ್ಲಬಹುದು. ಸೈನಿಕರು ಬದುಕಿರುವಾಗಲೇ ಅದನ್ನು ರೆಕಾರ್ಡ್ ಆಫೀಸಿಗೆ ಬರೆದು ಸರಿಮಾಡಿಸಿಕೊಳ್ಳುವುದು ಸುಲಭ. ಅವರು ಹೋದ ಮೇಲೆ ಆ ಓಡಾಟವೆಲ್ಲ ಹೆಂಡತಿಯ ತಲೆಗೇ ಬರುತ್ತದೆ.