ಕಾಗದದ ಕೆಳಗಿನ ವಿಳಾಸ

ಮೂವತ್ತೊಂದು ವರ್ಷ ಹುಬ್ಬಳ್ಳಿಯ ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಟಪಾಲು ಸೇವೆಯಲ್ಲಿ, ಟಪಾಲು ವಿಂಗಡಿಸಿದವನು ನಾನು. ಎದುರಿಗೆ ಮರದ ಗೂಡುಗಳ ಸಾಲು. ಎಡಗೈಯಲ್ಲಿ ಕಾಗದದ ಕಟ್ಟು. ಹೆಬ್ಬೆರಳು ಒಂದೊಂದೇ ಕಾಗದವನ್ನು ಮುಂದಕ್ಕೆ ತಳ್ಳುತ್ತಿದ್ದರೆ ಬಲಗೈ ಅದನ್ನು ಗದಗ, ಬಾಗಲಕೋಟೆ, ಕಾರವಾರ ಅಂತ ಗೂಡಿಗೆ ಸೇರಿಸುತ್ತಾ ಹೋಗುತ್ತಿತ್ತು. ಸಾರ್ಟರ್ ಆದವನ ಕಣ್ಣು ಮೊದಲು ಹೋಗುವುದು ವಿಳಾಸದ ಕೊನೆಯ ಸಾಲಿಗೆ. ಯಾರಿಗೆ ಅನ್ನುವುದು ನಮಗೆ ಬೇಕಿಲ್ಲ, ಯಾವ ಊರಿಗೆ ಅನ್ನುವುದಷ್ಟೇ ಬೇಕು. ನಿವೃತ್ತಿಯಾದ ಮೇಲೂ ಆ ಕಣ್ಣು ಬದಲಾಗಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ರಟ್ಟು ಹರಿದ ಅಮೆರಿಕನ್ ಕಾಮಿಕ್ ಪುಸ್ತಕವೊಂದು ಕೈಗೆ ಸಿಕ್ಕಾಗ ಆಗಿದ್ದೂ ಅದೇ. ಆಕಾಶದಲ್ಲಿ ಹಾರುವ ವೀರನನ್ನು ಬಿಟ್ಟು ನಾನು ನಿಂತದ್ದು ಓದುಗರ ಪತ್ರಗಳ ಪುಟದಲ್ಲಿ. 1960ರ ದಶಕದ ಸಂಚಿಕೆ. ಯಾರೋ ಒಬ್ಬ ಹುಡುಗ ಹಿಂದಿನ ಕಥೆಯಲ್ಲಿ ಆಗಿದ್ದ ತಪ್ಪನ್ನು ಎತ್ತಿ ತೋರಿಸಿದ್ದ. ಸಂಪಾದಕರು ಅದನ್ನು ಒಪ್ಪಿಕೊಂಡು ಉತ್ತರ ಕೊಟ್ಟಿದ್ದರು. ಕೆಳಗೆ ಹುಡುಗನ ಹೆಸರು, ಮನೆ ನಂಬರು, ಬೀದಿ, ಊರು, ರಾಜ್ಯ. ಆ ಪುಟದ ಎಲ್ಲ ಪತ್ರಗಳ ಕೆಳಗೂ ಹಾಗೇ ಪೂರ್ತಿ ವಿಳಾಸ. ಇವತ್ತು ಗೀಕ್‌ಗಳ, ಅಂದರೆ ಇಂಥ ಕಥೆಗಳ ಹುಚ್ಚು ಹಿಡಿದವರ, ಲೋಕ ಅಂತ ನಾವು ಏನನ್ನು ಕರೆಯುತ್ತೇವೋ ಅದು ಬೆಳೆದದ್ದು ಈ ಸಣ್ಣಕ್ಷರದ ವಿಳಾಸಗಳಿಂದ ಅನ್ನುವುದು ಆಮೇಲೆ ಓದುತ್ತಾ ಹೋದಂತೆ ನನಗೆ ಮನವರಿಕೆಯಾಯಿತು.

ಆ ಪುಟ ಹುಟ್ಟಿದ್ದರಲ್ಲೂ ಅಂಚೆ ಇಲಾಖೆಯ ಪಾತ್ರವಿದೆ. ಅಮೆರಿಕದಲ್ಲಿ ಪತ್ರಿಕೆಗಳಿಗೆ ಸೆಕೆಂಡ್ ಕ್ಲಾಸ್ ಎಂಬ ಅಗ್ಗದ ಟಪಾಲು ದರ ಇತ್ತು, ನಮ್ಮ ವಾರಪತ್ರಿಕೆಗಳಿಗೆ ರಿಜಿಸ್ಟರ್ಡ್ ನಂಬರಿನ ಮೇಲೆ ರಿಯಾಯಿತಿ ಸಿಗುವ ಹಾಗೆ. ಆದರೆ ಬರೀ ಚಿತ್ರವಿದ್ದರೆ ಸಾಲದು, ಎರಡು ಪುಟವಾದರೂ ಬರಹ ಇರಬೇಕು ಅನ್ನುವುದು ಕಟ್ಟಳೆ. ಅದಕ್ಕೋಸ್ಕರ ಕಾಮಿಕ್ ಪುಸ್ತಕದ ನಡುವೆ ಎರಡು ಪುಟದ ಕಥೆಯೊಂದನ್ನು ತುಂಬುತ್ತಿದ್ದರು. 1950ರ ದಶಕದ ಕೊನೆಗೆ ಆ ಜಾಗಕ್ಕೆ ಓದುಗರ ಪತ್ರಗಳು ಬಂದವು. ಸೂಪರ್‌ಮ್ಯಾನ್ ಪುಸ್ತಕದಲ್ಲಿ ಪತ್ರಗಳ ಪುಟ ಶುರುವಾದದ್ದು 1958ರಲ್ಲಿ. ಕಟ್ಟಳೆಯೂ ಪೂರೈಸಿತು, ಮಕ್ಕಳು ಓದುವ ಪುಟವೂ ಆಯಿತು.

ವಿಳಾಸ ಅಚ್ಚು ಹಾಕುವ ಪದ್ಧತಿ ಮಾತ್ರ ಅದಕ್ಕಿಂತ ಹಳೆಯದು. ಲಕ್ಸೆಂಬರ್ಗ್‌ನಿಂದ ನ್ಯೂಯಾರ್ಕಿಗೆ ಬಂದು ರೇಡಿಯೊ ಸಾಮಾನು ಮಾರುತ್ತಿದ್ದ ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಅಮೇಜಿಂಗ್ ಸ್ಟೋರೀಸ್ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆ ತಂದ. ಮರುವರ್ಷ ಅದರಲ್ಲಿ ಪತ್ರಗಳ ಅಂಕಣ ಶುರುವಾಯಿತು, ಬರೆದವರ ವಿಳಾಸವೂ ಜೊತೆಗಿತ್ತು. ತನ್ನೂರಿನಲ್ಲಿ ಇಂಥ ಕಥೆ ಓದುವವನು ತಾನೊಬ್ಬನೇ ಅಂದುಕೊಂಡಿದ್ದ ಹುಡುಗನಿಗೆ ಇನ್ನೊಂದು ಊರಿನ ಹುಡುಗನ ಮನೆ ನಂಬರು ಸಿಕ್ಕಿತು. ಅವರು ಸಂಪಾದಕರನ್ನು ದಾಟಿ ತಮ್ಮ ತಮ್ಮಲ್ಲೇ ಬರೆದುಕೊಳ್ಳತೊಡಗಿದರು. 1930ರ ಹೊತ್ತಿಗೆ ತಮ್ಮದೇ ಪುಟ್ಟ ಪತ್ರಿಕೆಗಳನ್ನು ಸೈಕ್ಲೋಸ್ಟೈಲ್ ಮಾಡಿ ಟಪಾಲಿನಲ್ಲಿ ಹಂಚುವಷ್ಟು ಬೆಳೆದಿದ್ದರು.

ಹಾಗೆ ಬರೆಯುತ್ತಿದ್ದವರಲ್ಲಿ ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ ಒಬ್ಬ. ಗೆಳೆಯ ಜೋ ಶುಸ್ಟರ್‌ನನ್ನು ಜೊತೆಗಿಟ್ಟುಕೊಂಡು ಅವನು ಹೊರಡಿಸಿದ ಸೈಕ್ಲೋಸ್ಟೈಲ್ ಪತ್ರಿಕೆಯ 1933ರ ಜನವರಿ ಸಂಚಿಕೆಯಲ್ಲಿ ‘ಸೂಪರ್‌ಮ್ಯಾನ್’ ಅನ್ನುವ ಹೆಸರು ಬರುತ್ತದೆ. ಅಲ್ಲಿ ಅವನು ಬೋಳುತಲೆಯ ಖಳ! ಅವನನ್ನು ಒಳ್ಳೆಯವನನ್ನಾಗಿ ಮಾಡಿ, ಕೆಂಪು ಮೇಲ್ವಸ್ತ್ರ ಹೊದಿಸಿ, ಪ್ರಕಾಶಕರ ಬಾಗಿಲು ತಟ್ಟಿ ತಟ್ಟಿ ಕೊನೆಗೆ 1938ರಲ್ಲಿ 130 ಡಾಲರಿಗೆ ಅವನ ಹಕ್ಕನ್ನೇ ಬರೆದುಕೊಟ್ಟರು ಆ ಇಬ್ಬರು. ಎರಡು ಜೀವಗಳ ಪಾಲಿಗೆ ಅದೆಂಥ ಅನ್ಯಾಯ ಅನ್ನುವುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ನಾನು ಹೇಳಬೇಕಾದದ್ದು ಬೇರೆ: ಸೂಪರ್‌ಹೀರೋಗಳ ಕಾಲವನ್ನು ಶುರುಮಾಡಿದ ವೀರನನ್ನು ಸೃಷ್ಟಿಸಿದವರಲ್ಲಿ ಒಬ್ಬ ಪತ್ರಿಕೆಗೆ ಕಾಗದ ಬರೆಯುತ್ತಿದ್ದ ಓದುಗ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೂಪರ್‌ಹೀರೋ ಪುಸ್ತಕಗಳ ಮಾರಾಟ ಕುಸಿಯಿತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಅಂತ ಪುಸ್ತಕವನ್ನೇ ಬರೆದ, ಪ್ರಕಾಶಕರು ಹೆದರಿ ತಮಗೆ ತಾವೇ ನೀತಿಸಂಹಿತೆ ಹಾಕಿಕೊಂಡರು. 1956ರಲ್ಲಿ ಫ್ಲ್ಯಾಶ್ ಎಂಬ ಹಳೆಯ ವೀರನನ್ನು ಹೊಸ ರೂಪದಲ್ಲಿ ತಂದು ವೀರರ ಕಾಲವನ್ನು ಮರಳಿಸಿದ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್. ಈತ 1932ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಗೆಳೆಯರ ಜೊತೆ ಅಂಥದೇ ಪುಟ್ಟ ಪತ್ರಿಕೆ ನಡೆಸಿದವನು. ಅಚ್ಚಾದ ಒಂದು ವಿಳಾಸ ಏನು ಮಾಡಬಲ್ಲದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಡೆಟ್ರಾಯಿಟ್‌ನ ಅಧ್ಯಾಪಕ ಜೆರ್ರಿ ಬೈಲ್ಸ್ 1961ರ ಆರಂಭದಲ್ಲಿ ನ್ಯೂಯಾರ್ಕಿಗೆ ಹೋಗಿ ಶ್ವಾರ್ಟ್ಸ್‌ನನ್ನು ಕಂಡ. ಬಾಲ್ಯದಲ್ಲಿ ಓದಿದ, ಜಸ್ಟಿಸ್ ಸೊಸೈಟಿ ಎಂಬ ವೀರರ ತಂಡದ ಕಥೆಗಳನ್ನು ಬೈಲ್ಸ್ ಮರೆತಿರಲೇ ಇಲ್ಲ. ಅದೇ ಹುಚ್ಚಿನ ಇನ್ನೊಬ್ಬ ಮಿಸೌರಿ ರಾಜ್ಯದ ರಾಯ್ ಥಾಮಸ್. ಇಬ್ಬರೂ ಆ ಕಥೆಗಳನ್ನು ಬರೆದ ಗಾರ್ಡ್ನರ್ ಫಾಕ್ಸ್‌ಗೆ ಕಾಗದ ಹಾಕಿದ್ದರಿಂದ ಒಬ್ಬರಿಗೊಬ್ಬರು ಪರಿಚಯವಾಗಿದ್ದರು. ಶ್ವಾರ್ಟ್ಸ್ ಆ ವರ್ಷದಿಂದ ತನ್ನ ಪುಸ್ತಕಗಳಲ್ಲಿ ಪತ್ರ ಬರೆದವರ ಪೂರ್ತಿ ವಿಳಾಸ ಹಾಕತೊಡಗಿದ. ಮಾರ್ಚಿನಲ್ಲಿ ಬೈಲ್ಸ್ ‘ಆಲ್ಟರ್ ಈಗೋ’ ಪತ್ರಿಕೆಯ ಮೊದಲ ಸಂಚಿಕೆಯನ್ನು ಸ್ಪಿರಿಟ್ ಡೂಪ್ಲಿಕೇಟರಿನಲ್ಲಿ, ನೇರಳೆ ಅಕ್ಷರಗಳಲ್ಲಿ, ತೆಗೆದ. ಚಂದಾದಾರರನ್ನು ಹುಡುಕುವ ಪೇಚಾಟ ಅವನಿಗಿರಲಿಲ್ಲ. ಪತ್ರಗಳ ಪುಟವೇ ಚಂದಾ ಪಟ್ಟಿ.

ನ್ಯೂಜೆರ್ಸಿಯ ಬಯೋನ್‌ನ ಹುಡುಗನೊಬ್ಬನ ಪತ್ರ 1963ರಲ್ಲಿ ಫೆಂಟಾಸ್ಟಿಕ್ ಫೋರ್ ಎಂಬ ಕಾಮಿಕ್ಸ್‌ನಲ್ಲಿ ಬಂತು. ವಿಳಾಸ ನೋಡಿದವರು ಅವನಿಗೆ ತಮ್ಮ ಪುಟ್ಟ ಪತ್ರಿಕೆಗಳನ್ನು ಕಳಿಸತೊಡಗಿದರು, ಅವನೂ ಅವುಗಳಿಗೆ ಕಥೆ ಬರೆಯತೊಡಗಿದ. ಅವನೇ ಮುಂದೆ ಗೇಮ್ ಆಫ್ ಥ್ರೋನ್ಸ್ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್. ಹೀಗೆ ಕಾಗದದಲ್ಲಿ ಪರಿಚಯವಾದವರು 1964ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಒಂದು ದಿನ ಮುಖಾಮುಖಿ ಕೂಡಿದರು. ಮಾರ್ಟಿನ್ ಅಲ್ಲೂ ಇದ್ದ. 1970ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೊದ ಹೋಟೆಲೊಂದರಲ್ಲಿ ಮೂರು ದಿನದ ಸಮಾವೇಶಕ್ಕೆ ಬಂದವರು ಸುಮಾರು 300 ಮಂದಿ. ಕಾಮಿಕ್ ಕಾನ್ ಅನ್ನಿಸಿಕೊಂಡ ಆ ಸಮಾವೇಶಕ್ಕೆ ಈಗ ಲಕ್ಷ ಮೀರಿ ಜನ ಸೇರುತ್ತಾರೆ. ನಮ್ಮಲ್ಲಿ ಮೊದಲ ಕಾಮಿಕ್ ಕಾನ್ 2011ರಲ್ಲಿ ದಿಲ್ಲಿಯಲ್ಲಾಯಿತು. ಅದರಲ್ಲಿ ಜೀವಮಾನದ ಸಾಧನೆಯ ಗೌರವ ಸಂದದ್ದು ಕಾರ್ಕಳದಲ್ಲಿ ಹುಟ್ಟಿದ ಕಾಮಿಕ್ಸ್ ಸಂಪಾದಕ ಅನಂತ ಪೈ ಅವರಿಗೆ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮರುವರ್ಷ ಬೆಂಗಳೂರಿನಲ್ಲೂ ಮೇಳ ನಡೆಯಿತು.

ಅಮೆರಿಕದ ಕಾಮಿಕ್ಸ್ ಪ್ರಕಾಶಕರಾದ ಮಾರ್ವೆಲ್‌ನವರು ತಪ್ಪು ಹುಡುಕಿದ ಓದುಗರಿಗೆ ಖಾಲಿ ಲಕೋಟೆಯನ್ನೇ ಬಹುಮಾನವಾಗಿ ಕಳಿಸುತ್ತಿದ್ದರು. ಒಳಗೆ ಏನೂ ಇಲ್ಲ, ಆ ‘ಇಲ್ಲದ ಬಹುಮಾನ’ ಇಗೋ ಇಲ್ಲಿದೆ ಅಂತ ಹೊರಗಡೆ ಮಾತ್ರ ಅಚ್ಚು. ಬಹುಮಾನ ದಾರಿಯಲ್ಲಿ ಬಿದ್ದುಹೋಗಿದೆ ಅಂತ ದೂರು ಬರೆದವರೂ ಇದ್ದರಂತೆ. ಅದನ್ನು ಓದಿದಾಗ ಆ ದೇಶದ ಸಾರ್ಟರ್‌ಗಳನ್ನು ನೆನೆದೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು 1969ರ ಒಂದು ಕಾಗದ. ಸಿಲ್ವರ್ ಸರ್ಫರ್ ಎಂಬ ಕಾಮಿಕ್ಸ್‌ನ ಐದನೇ ಸಂಚಿಕೆಯಲ್ಲಿ ಕ್ಯಾಲಿಫೋರ್ನಿಯಾದ ಗಿಲ್ರಾಯ್ ಎಂಬ ಊರಿನ ವೆಂಡಿ ಫ್ಲೆಚರ್ ಎಂಬ ಹುಡುಗಿಯ ಪತ್ರ ಬಂತು. ದೇಶದ ಇನ್ನೊಂದು ತುದಿಯಲ್ಲಿ, ಎಂಐಟಿಯಲ್ಲಿ ಓದುತ್ತಿದ್ದ ರಿಚರ್ಡ್ ಪಿನಿ ಅದನ್ನು ಓದಿ ಆ ವಿಳಾಸಕ್ಕೆ ಬರೆದ. ಅವಳು ಉತ್ತರಿಸಿದಳು. 1972ರಲ್ಲಿ ಮದುವೆಯಾದರು. 1978ರಲ್ಲಿ ಇಬ್ಬರೂ ಸೇರಿ ಎಲ್ಫ್‌ಕ್ವೆಸ್ಟ್ ಎಂಬ ಕಾಮಿಕ್ಸ್ ಹೊರತಂದರು. ಅವಳ ಚಿತ್ರ, ಇಬ್ಬರ ಕಥೆ, ತಮ್ಮದೇ ಪ್ರಕಾಶನ.

ನಮ್ಮ ವಾರಪತ್ರಿಕೆಗಳ ಪತ್ರಮೈತ್ರಿ ಅಂಕಣ ನೋಡಿ ಬರೆದ ನೀಲಿ ಇನ್‌ಲ್ಯಾಂಡ್‌ಗಳು ನನ್ನ ಕೈಯಲ್ಲೂ ಹಾದುಹೋಗಿವೆ. ಅಕ್ಷರ ಸೋಕಿದರೆ ನೋವಾದೀತು ಎಂಬಂತೆ ದುಂಡಗೆ ಬರೆದ ವಿಳಾಸ ಕಂಡರೆ ಇದು ಮೊದಲನೇ ಕಾಗದ ಅಂತ ಗೊತ್ತಾಗುತ್ತಿತ್ತು. ಅಂಥದನ್ನು ಗೂಡಿಗೆ ಹಾಕುವಾಗ ಊರಿನ ಹೆಸರನ್ನು ಎರಡು ಸಲ ಓದುತ್ತಿದ್ದೆ.