ಮರ ಕೊಯ್ಯುವ ಮಷಿನ್‌ಗೆ ಕಸುವು ಬಂದ ದಾರಿ

ಅಡರಕಟ್ಟಿಯ ಆಸುಪಾಸು, ಲಕ್ಷ್ಮೇಶ್ವರ–ಶಿರಹಟ್ಟಿ ಸೀಮೆಯ ಹೊಲದ ಬದು, ಹಳ್ಳದ ದಂಡೆ, ಕೆರೆಯಂಗಳ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, 1877ರ ಸುಮಾರಿಗೆ, ಜಮೈಕಾದಿಂದ ಬೀಜ ತರಿಸಿ ಕಡಪ ಸೀಮೆಯಲ್ಲಿ ನೆಟ್ಟ ಗಿಡ ಇವತ್ತು ಬಯಲುಸೀಮೆಯನ್ನೇ ಆವರಿಸಿದೆ. ಕಟ್ಟಿಗೆ ಗಟ್ಟಿ, ಬುಡದಿಂದಲೇ ಹಲವು ಕವಲು, ಮೈಯೆಲ್ಲ ಮುಳ್ಳು. ಕೊಡಲಿ ಹಿಡಿದು ಒಂದು ಎಕರೆ ಹಸನು ಮಾಡುವುದು ಎಷ್ಟು ದಿನದ ಕೆಲಸವೆಂದು ರೈತರಿಗೆ ಗೊತ್ತು. ಈ ಭಾಗದಲ್ಲಿ ಚೈನ್ ಸಾ ಯಂತ್ರಕ್ಕೆ ಕೈತುಂಬ ಕೆಲಸ ಕೊಟ್ಟಿರುವುದು ಈ ಜಾಲಿಯೇ. ಬೇಸಿಗೆ ಬಂತೆಂದರೆ ಮೆಕ್ಯಾನಿಕ್‌ಗಳ ಮುಂದೆ ಒಂದೇ ಬೇಡಿಕೆ: “ಮಷಿನ್‌ದಾಗ ಕಸುವೇ ಉಳಿದಿಲ್ರಿ, ಏನರೆ ಮಾಡಿ ಜೋರು ಮಾಡಿಕೊಡ್ರಿ.”

ಆ ಜೋರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ನೂರು ವರ್ಷಗಳ ಅನುಭವ ನಮ್ಮ ಮುಂದಿದೆ. ಒಂದೇ ಕಂಪನಿಯ ಲೆಕ್ಕ ತೆಗೆದುಕೊಂಡರೂ ಸಾಕು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಮಾಡಿದ ಮೊದಲ ಗರಗಸ ವಿದ್ಯುತ್ತಿನಿಂದ ನಡೆಯುತ್ತಿತ್ತು. ತೂಕ 64 ಕಿಲೋ, ಎತ್ತಲು ಇಬ್ಬರು ಆಳು. 1929ರ ಪೆಟ್ರೋಲ್ ಯಂತ್ರ 46 ಕಿಲೋ, 6 ಅಶ್ವಶಕ್ತಿ. ಮೂವತ್ತು ವರ್ಷ ಕಳೆದು 1959ರಲ್ಲಿ ‘ಕಾಂಟ್ರಾ’ ಬಂದಾಗಲೂ ಅಶ್ವಶಕ್ತಿ ಅದೇ ಆರು, ತೂಕ ಮಾತ್ರ 12 ಕಿಲೋಗೆ ಇಳಿದಿತ್ತು. ನಡುವಿನ ಗೇರ್ ತೆಗೆದು ಚೈನನ್ನು ನೇರವಾಗಿ ಎಂಜಿನ್ನಿಗೇ ಕೂಡಿಸಿದ್ದರಿಂದ ಅದು ಓಡುವ ವೇಗವೂ ಹೆಚ್ಚಿತು. 2019ರ ‘ಎಂಎಸ್ 500ಐ’ 79.2 ಸಿಸಿಯಲ್ಲಿ ಸುಮಾರು 6.8 ಅಶ್ವಶಕ್ತಿ ಕೊಡುತ್ತದೆ. ಬಾರ್, ಚೈನ್ ಬಿಟ್ಟು ತೂಕ 6.2 ಕಿಲೋ. ತೊಂಬತ್ತು ವರ್ಷಗಳಲ್ಲಿ ಅಶ್ವಶಕ್ತಿ ಒಂದಿಷ್ಟೇ ಏರಿತು, ಕೊಯ್ಯುವ ಕೆಲಸ ಎಷ್ಟೋ ಪಟ್ಟು ಹೆಚ್ಚಿತು. ಮಷಿನ್ ಜೋರು ಮಾಡಲು ಹೊರಟವರು ಮೊದಲು ಗಮನಿಸಬೇಕಾದ ಲೆಕ್ಕ ಇದು.

ದೊಡ್ಡ ಜಿಗಿತ ಆದದ್ದು ಚೈನ್‌ನಲ್ಲಿ. ಮೊದಲಿನ ಚೈನ್‌ಗಳ ಹಲ್ಲು ಕೈಗರಗಸದ ಹಲ್ಲಿನ ಹಾಗೆ ನೆಟ್ಟಗಿದ್ದವು. ಮರವನ್ನು ಕೆರೆದು ಪುಡಿ ಮಾಡುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಅಮೆರಿಕದ ಓರೆಗಾನ್‌ನ ಮರಕಡಿಯುವ ಕೆಲಸಗಾರ ಜೋಸೆಫ್ ಬ್ಯೂಫರ್ಡ್ ಕಾಕ್ಸ್ 1946ರಲ್ಲಿ ಮರದ ಬೊಡ್ಡೆಯೊಳಗೆ ಒಂದು ದುಂಬಿಯ ಹುಳು ದಾರಿ ಕೊರೆಯುವುದನ್ನು ಕಂಡ. ಹುಳುವಿನ ಎರಡು ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚಿ ಚಕ್ಕೆ ಎಬ್ಬಿಸುತ್ತಿದ್ದವು, ಎಳೆಯ ಅಡ್ಡಕ್ಕೂ ಉದ್ದಕ್ಕೂ ಸಲೀಸಾಗಿ. ಅದೇ ರೀತಿಯಲ್ಲಿ ಎಡಬಲಕ್ಕೆ ಬಾಗಿದ ಹಲ್ಲುಗಳ ಚೈನ್ ಮಾಡಿ 1947ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಕಂಪನಿ ತೆರೆದ. ಇಂದು ಲಕ್ಷ್ಮೇಶ್ವರದ ಅಂಗಡಿಯಲ್ಲಿ ಸಿಗುವ ಚೈನ್ ಕೂಡ ಆ ವಂಶದ್ದೇ. ಎಂಜಿನ್ ಮುಟ್ಟದೆ ಕೊಯ್ತವನ್ನು ಇಷ್ಟು ಹೆಚ್ಚಿಸಿದ ಇನ್ನೊಂದು ಸುಧಾರಣೆ ನನಗೆ ಕಾಣುವುದಿಲ್ಲ.

ಜಾಲಿಯ ತೊಗಟೆಯಲ್ಲಿ ಮಣ್ಣು ಸೇರಿಕೊಂಡಿರುತ್ತದೆ, ಬುಡದಲ್ಲಂತೂ ಎರೆಮಣ್ಣು, ಮರಳು ಮೆತ್ತಿಕೊಂಡೇ ಇರುತ್ತದೆ. ಚೂಪು ಮೂಲೆಯ ಹಲ್ಲು ಅಲ್ಲಿ ಅರ್ಧ ಗಂಟೆಯೂ ನಿಲ್ಲುವುದು ಕಷ್ಟ. ಮೂಲೆ ದುಂಡಗಿರುವ ಹಲ್ಲು ತಾಳಿಕೊಳ್ಳುತ್ತದೆ. ಅರ ಹಿಡಿಯುವ ಕೋನ ಸಾಮಾನ್ಯವಾಗಿ 30 ಡಿಗ್ರಿ; ಒಣಗಿದ ಗಟ್ಟಿ ಕಟ್ಟಿಗೆಗೆ 25ಕ್ಕೆ ಇಳಿಸಿದರೆ ಅಲಗು ಹೆಚ್ಚು ಹೊತ್ತು ಬಾಳುತ್ತದೆ. ಹಲ್ಲಿನ ಮುಂದಿರುವ ಗಿಡ್ಡ ಗುಬಟು, ಎಂದರೆ ಎಷ್ಟು ಆಳ ಕಚ್ಚಬೇಕೆಂದು ಅಳೆದುಕೊಡುವ ಭಾಗ, ಅಲಗಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಜೋರು ಕೊಯ್ಯಲಿ ಎಂದು ಅದನ್ನು ತೀಡಿ ಇನ್ನೂ ಇಳಿಸಿದರೆ ಮಷಿನ್ ಎಗರುತ್ತದೆ, ಕ್ಲಚ್ ಸುಡುತ್ತದೆ. ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಚೈನ್ ಮೊಂಡಾಗಿದೆ. ಅಕ್ಕಿಕಾಳಿನಷ್ಟು ದಪ್ಪ ಚಕ್ಕೆ ಬಿದ್ದರೆ ಸರಿಯಿದೆ. ಅಂಗಡಿಗಳಲ್ಲಿ 58 ಸಿಸಿ ಎಂದು ಮಾರುವ ಅಗ್ಗದ ಮಷಿನ್‌ಗಳಿಗೆ 22 ಇಂಚಿನ ಬಾರ್ ಹಾಕಿ ಕೊಡುತ್ತಾರೆ. ಅದನ್ನು ಬಿಚ್ಚಿ 16 ಅಥವಾ 18 ಇಂಚಿನದು ಹಾಕಿದ ದಿನವೇ ಎಂಜಿನ್ ಹಗುರಾಗಿ ಓಡುತ್ತದೆ.

ಇನ್ನು ಎಂಜಿನ್. ಇಂದಿನ ಗರಗಸಗಳ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕವಾಟಗಳಿಲ್ಲ. ಸಿಲಿಂಡರ್ ಗೋಡೆಯ ಕಿಂಡಿಗಳೇ, ಅಂದರೆ ಪೋರ್ಟ್‌ಗಳೇ ಎಲ್ಲ. ಹೊಸ ಗಾಳಿ ಒಳಬರುವಾಗಲೇ ಹಳೆಯ ಹೊಗೆ ಹೊರಹೋಗಬೇಕು, ಎರಡೂ ಬೆರೆಯಬಾರದು. 1920ರ ದಶಕದ ನಡುವೆ ಜರ್ಮನಿಯ ಅಡಾಲ್ಫ್ ಶ್ನೂರ್ಲೆ, ಎರಡು ಪಕ್ಕದ ಪೋರ್ಟ್‌ಗಳಿಂದ ಗಾಳಿಯನ್ನು ಎಕ್ಸಾಸ್ಟ್‌ನ ಎದುರು ಗೋಡೆಗೆ ಗುರಿಯಿಟ್ಟು ಹಾಯಿಸಿ, ಅದು ಮೇಲೆ ಸುತ್ತಿ ಬಂದು ಹೊಗೆಯನ್ನು ತಳ್ಳುವಂತೆ ಮಾಡಿದ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಇದನ್ನು ಮುಂದಕ್ಕೊಯ್ದ. ಉಬ್ಬಿ ಕುಗ್ಗುವ ಸೈಲೆನ್ಸರ್ ಕೊಳವೆಯಿಂದ ಒತ್ತಡದ ಅಲೆ ವಾಪಸು ಬಂದು, ಸೋರಿಹೋಗುತ್ತಿದ್ದ ಇಂಧನವನ್ನು ಒಳಕ್ಕೆ ದೂಡುವಂತೆ ಹೊಂದಿಸಿದ. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸ್ ವೇಳೆ ಪಶ್ಚಿಮಕ್ಕೆ ತಪ್ಪಿಸಿಕೊಂಡು ಸುಜುಕಿ ಸೇರಿದ. ಆ ವಿದ್ಯೆ ಜಪಾನಿಗೆ ಹೋಯಿತು.

ಕನ್ನಡನಾಡಿಗೆ ಟೂ ಸ್ಟ್ರೋಕ್‌ನ ಓದು ಕಲಿಸಿದ್ದು ಮೈಸೂರು. 1960ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜೆಕ್ ವಿನ್ಯಾಸದ 250 ಸಿಸಿ ಜಾವಾ, 1973ರಿಂದ ಯೆಜ್ದಿ ತಯಾರಾದವು. 1996ರಲ್ಲಿ ಅದು ನಿಂತುಹೋಯಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಆ ಗಾಡಿ ಬಿಚ್ಚಿ ಜೋಡಿಸುತ್ತ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಬೆಳೆದರು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೇವಲ 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಟ್ಟಾಗ ಪೋರ್ಟ್‌ಗಳ ಆಕಾರದ ಮಹತ್ವ ಎಲ್ಲರಿಗೂ ತಿಳಿಯಿತು. ಗದಗ, ಹುಬ್ಬಳ್ಳಿಯಂಥ ಊರುಗಳಲ್ಲಿ ಬೋರ್ ಮಾಡಿಸುವುದು, ಹೆಡ್ ಇಳಿಸುವುದು, ಪೋರ್ಟ್ ತೀಡುವುದು ಕೈಗೆ ಹತ್ತಿದ್ದು ಈ ಗಾಡಿಯ ಮೇಲೆಯೇ.

ಆದರೆ ಬೈಕಿನ ವಿದ್ಯೆ ಗರಗಸಕ್ಕೆ ಹಾಗೇ ಒಗ್ಗುವುದಿಲ್ಲ. ಆರ್‌ಎಕ್ಸ್‌ನ ಸಿಲಿಂಡರ್ ಒಳಗೆ ಬೀಡುಕಬ್ಬಿಣದ ಲೈನರ್ ಇದೆ. ಲೇತ್‌ನಲ್ಲಿ ಅರ್ಧ ಮಿಲಿಮೀಟರ್ ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಗರಗಸದ್ದು ಅಲ್ಯೂಮಿನಿಯಂ ಸಿಲಿಂಡರ್; ಒಳಗೋಡೆಗೆ ಕ್ರೋಮ್ ಅಥವಾ ನಿಕ್ಕಲ್‌ನ ತೆಳುಪದರ. ಅದನ್ನು ಬೋರ್ ಮಾಡಿದರೆ ಸಿಲಿಂಡರ್ ಮುಗಿಯಿತು. ಪೋರ್ಟ್ ತೀಡುವಾಗಲೂ ಅಂಚಿನ ಪದರ ಎದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ಅಂಚನ್ನು ಸಣ್ಣ ಕಲ್ಲಿನಿಂದ ದುಂಡಗೆ ಮಾಡಲೇಬೇಕು. ಉದ್ದನೆಯ ಸೈಲೆನ್ಸರ್‌ಗೂ ಇಲ್ಲಿ ಜಾಗವಿಲ್ಲ. 1985ರಿಂದ ನಡೆಯುತ್ತಿರುವ ಟಿಂಬರ್‌ಸ್ಪೋರ್ಟ್ಸ್ ಸ್ಪರ್ಧೆಯ ‘ಹಾಟ್ ಸಾ’ಗಳಿಗೆ ಮಾತ್ರ ಅಂಥ ಕೊಳವೆ ಹಾಕುತ್ತಾರೆ. ಅವು ದಿಮ್ಮಿಯಿಂದ ಮೂರು ಬಿಲ್ಲೆಗಳನ್ನು ಆರು ಸೆಕೆಂಡಿನ ಆಸುಪಾಸಿನಲ್ಲಿ ಕೊಯ್ಯುತ್ತವೆ. ದಿನವಿಡೀ ಹೊಲದಲ್ಲಿ ಹೊತ್ತು ತಿರುಗುವ ಯಂತ್ರಗಳಲ್ಲ.

ಬಲ್ಲವರು ಗರಗಸಕ್ಕೆ ಮಾಡುವ ಕೆಲಸ ಹೀಗಿರುತ್ತದೆ: ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ತೆಗೆದು ಕಂಪ್ರೆಷನ್ ಏರಿಸುವುದು. ಆಗ ಪಿಸ್ಟನ್ ತಲೆಗೂ ಹೆಡ್‌ಗೂ ನಡುವೆ ಅರ್ಧ ಮಿಲಿಮೀಟರ್ ಉಳಿಯಬೇಕು. ಸೀಸದ ತಂತಿ ಒಳಗಿಟ್ಟು ತಿರುಗಿಸಿ ಜಜ್ಜಿದ ದಪ್ಪ ಅಳೆದರೆ ಗೊತ್ತಾಗುತ್ತದೆ. ಸಿಲಿಂಡರ್ ಕೆಳಗಿಳಿದದ್ದರಿಂದ ಎಕ್ಸಾಸ್ಟ್ ಪೋರ್ಟ್ ತಡವಾಗಿ ತೆರೆಯುತ್ತದೆ, ಅದನ್ನು ಮೇಲಕ್ಕೆ ಅಷ್ಟೇ ತೀಡಬೇಕು. ಅತಿಯಾಗಿ ತೀಡಿದರೆ ಮೇಲಿನ ವೇಗದಲ್ಲಿ ಮಾತ್ರ ಓಡುತ್ತದೆ, ದಪ್ಪ ಬೊಡ್ಡೆಗೆ ಹಚ್ಚಿದೊಡನೆ ಕುಸಿಯುತ್ತದೆ. ಸೈಲೆನ್ಸರ್‌ನ ಬಾಯಿ ಸ್ವಲ್ಪ ಅಗಲಿಸಿ, ಕಾರ್ಬುರೇಟರ್‌ನ ಎಚ್ ಸ್ಕ್ರೂ ಸ್ವಲ್ಪ ಸಡಿಲಿಸಿ ಪೆಟ್ರೋಲ್ ಹೆಚ್ಚಿಸುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ. ಬಾಯಿ ಅಗಲಿಸಿ ಸ್ಕ್ರೂ ಮುಟ್ಟದಿದ್ದರೆ ಎಂಜಿನ್ ಒಣಗಿ ಸೀಜ್ ಆಗುತ್ತದೆ.

ನಮ್ಮ ಸೀಮೆಯ ಗಾಳಿಯೂ ಲೆಕ್ಕಕ್ಕೆ ಬರಬೇಕು. ಲಕ್ಷ್ಮೇಶ್ವರ ಸಮುದ್ರಮಟ್ಟದಿಂದ 600 ಮೀಟರ್‌ಗೂ ಮೇಲಿದೆ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಸಮೀಪಿಸುತ್ತದೆ. ಬಿಸಿಯಾದ, ತೆಳುವಾದ ಗಾಳಿಯಲ್ಲಿ ಎಂಜಿನ್ನಿನ ಕಸುವು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹೋಗಿರುತ್ತದೆ. ಮೇಲೆ ಎರೆಯ ಧೂಳು ಫಿಲ್ಟರ್ ಮುಚ್ಚುತ್ತದೆ. ಸಿಲಿಂಡರ್ ರೆಕ್ಕೆಗಳ ನಡುವೆ ಕಟ್ಟಿಗೆ ಪುಡಿ, ಎಣ್ಣೆ ಸೇರಿ ಗಟ್ಟಿ ಕೂಡುತ್ತದೆ. ದಿನಕ್ಕೊಮ್ಮೆ ಇವೆರಡನ್ನು ಸ್ವಚ್ಛ ಮಾಡದವರಿಗೆ ಪೋರ್ಟಿಂಗ್‌ನಿಂದ ಏನೂ ದಕ್ಕುವುದಿಲ್ಲ.

ಇತ್ತೀಚಿನ ತೊಡಕು ಪೆಟ್ರೋಲಿನದು. 2025ರಲ್ಲಿ ದೇಶ 20 ಪ್ರತಿಶತ ಎಥೆನಾಲ್ ಮಿಶ್ರಣದ ಗುರಿ ಮುಟ್ಟಿತು. ಬಹಳಷ್ಟು ಗರಗಸಗಳ ಕೈಪಿಡಿ ಹೇಳುವ ಮಿತಿ 10. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಹೊಂದಿಕೆಯಲ್ಲಿ ಮಿಶ್ರಣ ಬಡವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ನೀರೆಳೆದುಕೊಂಡು ಬೇರ್ಪಡುವುದರಿಂದ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಹಾಕಲೇಬಾರದು. ಈಗಾಗಲೇ ಜೋರು ಮಾಡಿಸಿದ ಮಷಿನ್‌ಗೆ ಇದು ಇನ್ನೂ ಅಪಾಯ. 500ಐ ಥರದ ಯಂತ್ರಗಳು ಸೆನ್ಸರ್ ಇಟ್ಟುಕೊಂಡು ಇಂಧನವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಅದು ನಮ್ಮ ಬಹುತೇಕ ರೈತರ ಜೇಬಿಗೆ ಎಟುಕುವ ಮಾಲಲ್ಲ.

ಎಂಜಿನ್‌ಗೆ ಕೈ ಹಾಕುವ ಮೊದಲು ಬ್ರೇಕ್ ನೋಡಬೇಕು. ಬಾರ್‌ನ ಮೂತಿ ಕಟ್ಟಿಗೆಗೆ ತಾಗಿ ಮಷಿನ್ ಹಿಂದಕ್ಕೆ ಎಗರಿದಾಗ ಚೈನ್ ತಾನೇ ನಿಲ್ಲುವ ಬ್ರೇಕನ್ನು ಹಸ್ಕ್‌ವಾರ್ನಾ ಕಂಪನಿ 1973ರಲ್ಲಿ ತಂದಿತು. ಅದಕ್ಕೂ ಮುಂಚೆ ಎಷ್ಟೋ ಕೆಲಸಗಾರರ ಮುಖ, ಭುಜ ಸೀಳಿದ್ದವು. ಕಸುವು ಹೆಚ್ಚಿದ ಮಷಿನ್ ಇನ್ನೂ ಜೋರಾಗಿ ಎಗರುತ್ತದೆ, ಬ್ರೇಕ್ ಪಟ್ಟಿ ಸವೆದಿದ್ದರೆ ಹಿಡಿಯುವುದಿಲ್ಲ. ಸೈಲೆನ್ಸರ್ ಬಾಯಿ ಅಗಲಿಸುವವರು ಕಿಡಿ ತಡೆಯುವ ಜಾಳಿಗೆಯನ್ನು ಕಿತ್ತೆಸೆಯುವುದು ಇನ್ನೊಂದು ಕೆಟ್ಟ ರೂಢಿ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಸುತ್ತ ಮಾರ್ಚ್ ಹೊತ್ತಿಗೆ ಹುಲ್ಲು ಒಣಗಿ ನಿಂತಿರುತ್ತದೆ. ಹೊಸ ಬಾಯಿಗೆ ತಕ್ಕಂತೆ ಜಾಳಿಗೆ ಕತ್ತರಿಸಿ ಕೂಡಿಸಲು ಹತ್ತು ನಿಮಿಷ ಸಾಕು, ಅದಿಲ್ಲದೆ ಮಷಿನ್ ಹೊಲಕ್ಕೆ ಹೋಗಬಾರದು.